ಮನೆಗೊಬ್ಬ ಟ್ರೈನರ್

ಮೊದಲೆಲ್ಲ ಎಂ.ಬಿ.ಎ. ಓದಿದ ಹುಡುಗರು ಬ್ಯಾಂಕಿಗೋ ಸೋಪಿನ ಕಂಪನಿಗೋ ಸೇರಿಕೊಂಡು ಮನೆಯವರನ್ನು ಅವರ ಪಾಡಿಗೆ ಬಿಡುತ್ತಿದ್ದರು. ಈಗ ಎಚ್.ಆರ್. ತೆಗೆದುಕೊಂಡವರಲ್ಲೇ ಒಂದು ಒಳಪಂಗಡ ಹುಟ್ಟಿಕೊಂಡಿದೆ. ಇವರು ಸಂಬಳದ ಲೆಕ್ಕ ಬರೆಯುವುದಿಲ್ಲ, ಕೆಲಸಕ್ಕೆ ಜನ ಹುಡುಕುವುದಿಲ್ಲ. 'ಎಲ್ ಅಂಡ್ ಡಿ' ಮಾಡುತ್ತಾರೆ. ಅಂದರೆ ಕೆಲಸದಲ್ಲಿರುವವರಿಗೆ ಕೆಲಸ ಕಲಿಸುತ್ತಾರೆ. ತಮಗಿನ್ನೂ ಕೆಲಸ ಸಿಕ್ಕಿಲ್ಲವೆಂಬುದು ಅದಕ್ಕೇನೂ ಅಡ್ಡಿಯಲ್ಲ.

ಇವರ ಬ್ಯಾಗಿನಲ್ಲಿ ಪುಸ್ತಕಕ್ಕಿಂತ ಬಣ್ಣದ ಮಾರ್ಕರ್ ಹೆಚ್ಚು. ಮಾತಿನಲ್ಲಿ ಪದಗಳ ಪಾಲು ಶೇ. 7, ದನಿಯದು 38, ಹಾವಭಾವದ್ದು 55 ಎಂದು ಹೇಳದೆ ಕಾಫಿ ಲೋಟ ಕೆಳಗಿಡುವವರಲ್ಲ. 1967ರಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞ ಪ್ರಯೋಗ ಮಾಡಿದ್ದು ಇಷ್ಟಾನಿಷ್ಟ ತೋರಿಸುವ ಬಿಡಿ ಪದಗಳ ಮೇಲೆ. ಅದನ್ನು ಎಲ್ಲ ಮಾತಿಗೂ ಹಚ್ಚಬೇಡಿ ಎಂದು ಅವರೇ ಹೇಳಿದ್ದಾರೆ. ಕೇಳುವವರು ಯಾರು?

ನಮ್ಮ ಪಾಲಿಗೆ ಬಂದಿರುವವನು ಅಕ್ಕನ ಮಗ ಪುಟ್ಟ. ಎಂ.ಬಿ.ಎ. ಎರಡನೇ ವರ್ಷ. ಹಾಸ್ಟೆಲ್ ಊಟ ಸೇರದೆ ಶನಿವಾರ, ಭಾನುವಾರ ನಮ್ಮಲ್ಲೇ ಠಿಕಾಣಿ. ಒಂದು ಭಾನುವಾರ, "ಮಾವ, ಪ್ಲೇಸ್‌ಮೆಂಟಿಗೆ ಡೆಮೊ ಕೊಡಬೇಕು. ಟೀಮ್ ಬಿಲ್ಡಿಂಗ್. ಹತ್ತೇ ನಿಮಿಷ ಕೂತ್ಕೊಳ್ಳಿ" ಅಂದ. ಕ್ರಿಕೆಟ್ ಮ್ಯಾಚ್ ನಡೆಯುತ್ತಿತ್ತು. ಟಿ.ವಿ. ಆರಿಸಿ, ಅದರ ಮೇಲೆ ಚಾರ್ಟ್ ಅಂಟಿಸಿದ. ಕುರ್ಚಿಗಳನ್ನು ಅರ್ಧಚಂದ್ರಾಕಾರಕ್ಕೆ ಎಳೆದ. ನಾನು, ಹೆಂಡತಿ, ಅಮ್ಮ, ಪೇಪರ್ ಕೇಳಲು ಬಂದಿದ್ದ ಮಹಡಿಮನೆಯ ನಿವೃತ್ತ ಹೆಡ್‌ಮಾಸ್ತರರು, ಸಿಕ್ಕವರೆಲ್ಲ ಟೀಮು.

ಮೊದಲು ಐಸ್ ಬ್ರೇಕರ್. ಚೆಂಡು ಹಿಡಿದವರು ತಮ್ಮ ಹೆಸರನ್ನೂ ಯಾರಿಗೂ ಗೊತ್ತಿಲ್ಲದ ಒಂದು ಗುಣವನ್ನೂ ಹೇಳಬೇಕು. ನನ್ನವಳು ಹಿಡಿದಳು. "ಅತ್ತೆ ಹೆಸರು ಗೊತ್ತಿಲ್ವೇನೋ ನಿನಗೆ? ಮಾತಾಡ್ತಾನೇ ಕುಕ್ಕರ್ ಸೀಟಿ ಎಣಿಸ್ತೀನಿ, ಮೂರಾಯ್ತು" ಎಂದು ಒಳಗೆ ಹೋದವಳು ತಿರುಗಿ ಬರಲಿಲ್ಲ. ಮುಂದಿನ ಚೆಂಡು ಅಮ್ಮನ ಮಡಿಲಿಗೆ. "ಮನೆಯೊಳಗೆ ಚೆಂಡಾಡಬಾರದು, ದೇವರ ದೀಪ ಇದೆ" ಎಂದು ಅದನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡರು.

ಪುಟ್ಟನ ಮುಖದ ನಗು ಮಾಸಲಿಲ್ಲ. "ತುಂಬಾ ಒಳ್ಳೆ ಪಾಯಿಂಟ್ ಅಜ್ಜಿ. ಇದನ್ನ ಪಾರ್ಕಿಂಗ್ ಲಾಟಿಗೆ ಹಾಕೋಣ" ಎಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದ. ಉತ್ತರ ಹೊಳೆಯದ ಪ್ರಶ್ನೆಗಳನ್ನು ಇವರು ಮರ್ಯಾದೆಯಿಂದ ಸಾಗಹಾಕುವ ಜಾಗ ಅದು. ಅಮ್ಮ ನನ್ನತ್ತ ಬಾಗಿ, "ಕಾರು ಯಾವಾಗ ತಗೊಂಡ?" ಎಂದರು. ಮೇಷ್ಟ್ರು ಕೈಯೆತ್ತಿ, "ಇದರಿಂದ ನಾವು ಕಲಿಯೋದೇನಪ್ಪ?" ಎಂದರು. ಅದಕ್ಕೂ ಫ್ರಿಜ್ಜಿನ ಮೇಲೆ ಜಾಗವಾಯಿತು.

ಕೊನೆಗೆ ಫೀಡ್‌ಬ್ಯಾಕ್ ಫಾರ್ಮ್. ಅಮ್ಮ ಐದಕ್ಕೆ ಐದು ಕೊಟ್ಟರು, ಮೊಮ್ಮಗನಲ್ಲವೇ? ತರಬೇತಿ ಫಲಿಸಿತೋ ಇಲ್ಲವೋ ನೋಡಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಪ್ರೊಫೆಸರು 1959ರಲ್ಲೇ ನಾಲ್ಕು ಮೆಟ್ಟಿಲು ಹಾಕಿಕೊಟ್ಟಿದ್ದಾರೆ: ಹಿಡಿಸಿತೇ, ಕಲಿತರೇ, ಕಲಿತದ್ದನ್ನು ಕೆಲಸದಲ್ಲಿ ಬಳಸಿದರೇ, ಬಳಸಿದ್ದರಿಂದ ಸಂಸ್ಥೆಗೆ ಏನಾದರೂ ಗಿಟ್ಟಿತೇ. ನಾನು ಕಂಡಂತೆ ಆಫೀಸುಗಳು ಮೊದಲ ಮೆಟ್ಟಿಲಲ್ಲೇ ಕೂತು ಊಟ ಮುಗಿಸುತ್ತವೆ. ನಾನೇನು ಕಡಿಮೆಯೇ? ಟೈಮ್ ಮ್ಯಾನೇಜ್‌ಮೆಂಟ್ ತರಬೇತಿಗೆ ತಡವಾಗಿ ಹೋಗಿ, ಜಾಮೂನು ಚೆನ್ನಾಗಿತ್ತೆಂದು ಟ್ರೈನರಿಗೆ ಐದು ಅಂಕ ಕೊಟ್ಟು ಬಂದವನು.

ಇಷ್ಟೆಲ್ಲ ಬೈದ ಮೇಲೆ ಪೀಣ್ಯದ ಕಥೆಯನ್ನೂ ಹೇಳಬೇಕು. ಇಂಟರ್ನ್‌ಶಿಪ್‌ಗೆಂದು ಪುಟ್ಟ ಅಲ್ಲೊಂದು ಸಣ್ಣ ಕಾರ್ಖಾನೆಗೆ ಹೋಗಿದ್ದ. ರಾತ್ರಿ ಪಾಳಿಯಲ್ಲಿ ರಿಜೆಕ್ಷನ್ ಜಾಸ್ತಿ, ಹುಡುಗರಿಗೆ ಮೋಟಿವೇಷನ್ ಕ್ಲಾಸ್ ತೆಗೆದುಕೋ ಎಂದರು ಮಾಲೀಕರು. ಇವನು ಕ್ಲಾಸಿಗೆ ಮೊದಲು ಆ ಹುಡುಗರ ಜೊತೆ ಪಾಳಿಗೆ ನಿಂತ. ಅಳತೆ ನೋಡುವ ಮೇಜಿನ ಮೇಲೆ ಒಂದೇ ಟ್ಯೂಬ್‌ಲೈಟು, ಅದೂ ಮಿಣುಕುತ್ತಿತ್ತಂತೆ. ಗೇಜು ಸವೆದಿತ್ತಂತೆ. "ಇವರಿಗೆ ಬೇಕಾಗಿರುವುದು ತರಬೇತಿಯಲ್ಲ, ಬೆಳಕು, ಹೊಸ ಗೇಜು" ಎಂದು ವರದಿ ಬರೆದುಕೊಟ್ಟ. ಮಾಲೀಕರು ಲೈಟು ಹಾಕಿಸಿದರು, ಇವನನ್ನು ಮತ್ತೆ ಕರೆಯಲಿಲ್ಲ.

"ಪೆದ್ದೇ, ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೊಂಡ್ಯಲ್ಲೋ" ಅಂದೆ.

"ಟಿ.ಎನ್.ಎ. ಅಂದ್ರೆ ಅದೇ ಮಾವ. ತರಬೇತಿ ಬೇಕೋ ಬೇಡವೋ ಮೊದಲು ನೋಡ್ಬೇಕು" ಅಂದ. ನನ್ನ ಬಾಯಿಗೆ ಮಾತು ಬರಲಿಲ್ಲ. ಅದನ್ನೂ ಫ್ರಿಜ್ಜಿಗೆ ಅಂಟಿಸಬಹುದಿತ್ತು.

ಇವನ ದಾರಿ ಸಲೀಸಲ್ಲ. ಮೊದಲ ವರ್ಷಗಳೆಲ್ಲ ಹಾಲ್ ಬುಕ್ ಮಾಡುವುದು, ಬರುತ್ತೇನೆಂದವರಿಗೆ ಫೋನ್ ಮೇಲೆ ಫೋನ್, ಹಾಜರಿ ಸಹಿ, ಸಮೋಸಾ ಲೆಕ್ಕ. ಕಂಪನಿ ಸೊರಗಿದರೆ ಮೊದಲು ಕತ್ತರಿ ಬೀಳುವುದು ತರಬೇತಿಯ ಬಜೆಟ್ಟಿಗೇ. ಮೊನ್ನೆ ಇಂಟರ್‌ವ್ಯೂನಲ್ಲಿ, "ಐವತ್ತು ದಾಟಿದ ಮ್ಯಾನೇಜರಿಗೆ ನಾಯಕತ್ವ ಹೇಳಿಕೊಡಲು ನಿನಗೇನು ಅನುಭವ?" ಎಂದು ಕೇಳಿ ಕಳಿಸಿದರಂತೆ. ಆ ರಾತ್ರಿ ಊಟಕ್ಕೆ ಕೂತವನು ಯಾರ ಫೀಡ್‌ಬ್ಯಾಕನ್ನೂ ಕೇಳಲಿಲ್ಲ. ಅಷ್ಟು ದಿನ ಬೇಕೆಂದಿದ್ದ ಮೌನ ಬಂದರೂ ನನಗೆ ಅನ್ನ ಸೇರಲಿಲ್ಲ. ಕೆಲಸ ಕಲಿಸುತ್ತೇನೆಂದು ಹೊರಟ ಹುಡುಗನಿಗೆ ಕೆಲಸ ಕಲಿಯಲು ಯಾರಾದರೂ ಜಾಗ ಕೊಡಬೇಕಲ್ಲ.

ನಿಮ್ಮ ಕಂಪನಿಯ ಟ್ರೈನಿಂಗ್ ವಿಭಾಗದಲ್ಲಿ ಜಾಗ ಖಾಲಿಯಿದ್ದರೆ ದಯವಿಟ್ಟು ತಿಳಿಸಿ. ಹುಡುಗ ಪ್ರಾಮಾಣಿಕ, ಸಂಬಳ ಆಮೇಲೆ ಮಾತಾಡೋಣ. ಮೈಸೂರಾದರೂ ಆದೀತು, ಹುಬ್ಬಳ್ಳಿಯಾದರೆ ಇನ್ನೂ ಸಂತೋಷ. ವಾರ ವಾರ ಬಂದು ಹೋಗುವಷ್ಟು ಹತ್ತಿರ ಮಾತ್ರ ಬೇಡ.