ರಾಯಣ್ಣನಿಗೊಂದು ಕರಿಯರ್ ಕೌನ್ಸೆಲಿಂಗ್

ಸಂಗೊಳ್ಳಿ ರಾಯಣ್ಣನ ಬಯೋಡೇಟಾ ಇವತ್ತಿನ ಕರಿಯರ್ ಕೌನ್ಸೆಲರ್ ಕೈಗೆ ಸಿಕ್ಕರೆ ಅವರು ಮೊದಲು ಹಿಗ್ಗುತ್ತಾರೆ. ಕಿತ್ತೂರು ಸಂಸ್ಥಾನದಲ್ಲಿ ಶೇತಸನದಿ ಕೆಲಸ. ಊರು ಕಾಯುವುದು, ಸಂಬಳದ ಬದಲು ಹೊಲ. ಅಂದರೆ ಕಾಯಂ ನೌಕರಿ, ಹುಟ್ಟೂರಿನಲ್ಲೇ ಪೋಸ್ಟಿಂಗ್, ವರ್ಗಾವಣೆಯ ಕಾಟವಿಲ್ಲ. ಅದರ ಮೇಲೆ ಹಿರಿಯರು ಶೌರ್ಯ ತೋರಿ ಗಳಿಸಿಟ್ಟ ರಕ್ತಮಾನ್ಯದ ಭೂಮಿ ಬೇರೆ. ಇವತ್ತಿನ ಬೈಲಹೊಂಗಲ ತಾಲೂಕಿನಲ್ಲಿ ಇಂಥ ವರ ಇದ್ದಾನೆಂದರೆ ಹೆಣ್ಣಿನ ಕಡೆಯವರು ಜಾತಕವನ್ನೂ ಕೇಳುವುದಿಲ್ಲ.

ಎರಡನೇ ಪುಟ ತಿರುವಿದಾಗ ಕೌನ್ಸೆಲರ್ ಮುಖ ಬಾಡುತ್ತದೆ. 1824ರಲ್ಲಿ ಕಿತ್ತೂರಿನ ಪರವಾಗಿ ಕಾದಾಡಿದ. ಅಕ್ಟೋಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥ್ಯಾಕರೆ ಬಿದ್ದ, ಡಿಸೆಂಬರಿನಲ್ಲಿ ಕೋಟೆಯೇ ಬಿತ್ತು. ಇವನು ಸೆರೆ ಸಿಕ್ಕ, ಬಿಡುಗಡೆಯೂ ಆದ. ಬುದ್ಧಿ ಬರಬೇಕಾದ ಹೊತ್ತು ಅದು. ಹೊಸ ಸರ್ಕಾರಕ್ಕೆ ಒಂದು ಅರ್ಜಿ ಬರೆದು, ಹಳೆಯದನ್ನು ಮರೆತು, ಕಂಪನಿಯ ಕಚೇರಿಯಲ್ಲಿ ಒಂದು ಕುರ್ಚಿ ಹಿಡಿದಿದ್ದರೆ ಮೊಮ್ಮಕ್ಕಳವರೆಗೂ ನೆರಳಾಗುತ್ತಿತ್ತು. ಅದರ ಬದಲು ಕಿತ್ತೂರಿನ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡ ಮೇಲೂ ಆಕೆಯ ದತ್ತುಮಗ ಶಿವಲಿಂಗಪ್ಪನ ಹೆಸರು ಹಿಡಿದು ಜನ ಕೂಡಿಸಿದ. ಸರ್ಕಾರಿ ಕಚೇರಿಗಳಿಗೆ ನುಗ್ಗಿ ದಫ್ತರಗಳಿಗೆ ಬೆಂಕಿ ಇಟ್ಟ. ನಂಬಿದವರೇ ದಾರಿ ತೋರಿಸಿ, ಹಳ್ಳದಲ್ಲಿ ಜಳಕ ಮಾಡುವಾಗ ಹಿಡಿಸಿಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ನೇಣು. ವಯಸ್ಸು 32. ಆ ವಯಸ್ಸಿಗೆ ನಮ್ಮ ಹುಡುಗರಿಗೆ ಇನ್ನೊಂದೆರಡು ಅರ್ಜಿ ಹಾಕುವಷ್ಟು ವಯೋಮಿತಿ ಉಳಿದಿರುತ್ತದೆ.

ಕೌನ್ಸೆಲರ್ ಕೆಂಪು ಪೆನ್ನಿನಲ್ಲಿ ಬರೆಯುತ್ತಾರೆ: ಪ್ಲಾನ್ ಬಿ ಇಲ್ಲ. ಐದು ವರ್ಷದ ಗ್ಯಾಪ್‌ಗೆ ವಿವರಣೆ ಇಲ್ಲ. ಮೇಲಧಿಕಾರಿಗಳೊಂದಿಗೆ ಹೊಂದಾಣಿಕೆ ಶೂನ್ಯ. ಮೆಚ್ಚಬಹುದಾದ ಅಂಶ ಒಂದೇ: ಹುಟ್ಟಿದ್ದು ಆಗಸ್ಟ್ 15, ಹೋದದ್ದು ಜನವರಿ 26. ಎರಡೂ ಸರ್ಕಾರಿ ರಜೆ, ಇಲಾಖೆಗೆ ಯಾವ ತೊಂದರೆಯೂ ಕೊಟ್ಟಿಲ್ಲ.

ಏನೇ ಬಂದರೂ ಅಲುಗಾಡದ ಕರಿಯರ್ ಪ್ಲಾನ್ ನೋಡಬೇಕೆಂದರೆ ರಾಯಣ್ಣನನ್ನು ಹಿಡಿದುಕೊಟ್ಟವರನ್ನು ನೋಡಬೇಕು. ಸಂಸ್ಥಾನ ಇದ್ದಾಗ ಸಂಸ್ಥಾನದ ಗೌಡರು, ಕಂಪನಿ ಬಂದಾಗ ಕಂಪನಿಯ ಗೌಡರು. ಗಾಳಿ ಯಾವ ಕಡೆಯಿಂದ ಬಂದರೂ ಇವರ ರುಮಾಲು ಹಾರಲಿಲ್ಲ. ಆಯ್ದ ಉದ್ಯೋಗಕ್ಕೂ ವೈಯಕ್ತಿಕ ಮೌಲ್ಯಗಳಿಗೂ ಕೂದಲೆಳೆಯಷ್ಟೂ ಅಂತರವಿರಲಿಲ್ಲ. ರಾಯಣ್ಣನಿಗಿರುವಂತೆ ಇವರ ಹೆಸರಿನಲ್ಲಿ ರೈಲು ನಿಲ್ದಾಣ ಇಲ್ಲ, ನಿಜ. ಇವರ ಪಂಥ ಸೇರಿದವರು ಮಾತ್ರ ರೈಲಿನಲ್ಲಿ ಫಸ್ಟ್ ಕ್ಲಾಸಿನಲ್ಲೇ ಓಡಾಡುತ್ತಾರೆ.

ನಂದಗಡದ ರಾಯಣ್ಣನ ಸಮಾಧಿಯ ಬಳಿ ಆಲದ ಮರವಿದೆ. ಮಕ್ಕಳಿಲ್ಲದವರು ಅಲ್ಲಿ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ, ರಾಯಣ್ಣನಂಥ ಮಗ ಹುಟ್ಟಲಿ ಎಂದು. ಹರಕೆ ಫಲಿಸುತ್ತದೆ, ಗಂಡು ಹುಟ್ಟುತ್ತದೆ, ಎಷ್ಟೋ ಸಲ ಅದೇ ಹೆಸರನ್ನೂ ಇಡುತ್ತಾರೆ. ಹುಡುಗ ಡಿಗ್ರಿ ಮುಗಿಸಿದ ದಿನದಿಂದ ಮನೆಯವರ ಹರಕೆ ಬದಲಾಗುತ್ತದೆ: ‘ಯವ್ವಾ ಎಲ್ಲಮ್ಮ, ನಮ್ಮ ಹುಡುಗಗ ಎಫ್‌ಡಿಎ ನೌಕರಿ ಆದ್ರೂ ಆಗಲಿ.’ ಕುದುರೆ ಮೇಲಿನ ರಾಯಣ್ಣ ಸರ್ಕಲ್ಲಿನಲ್ಲಿರಲಿ, ಜನವರಿಯ ಸಂಗೊಳ್ಳಿ ಉತ್ಸವದ ಮೆರವಣಿಗೆಯಲ್ಲಿರಲಿ, ತೀರಾ ಬೇಕೆಂದರೆ ಬಾಜೂ ಮನೆಯಲ್ಲಿ ಹುಟ್ಟಲಿ. ನಮ್ಮ ಮನೆಯವನು ಮಾತ್ರ ಸರ್ಕಾರಿ ನೌಕರರ ವಿಮೆ ಕೆಜಿಐಡಿ ಕಟ್ಟುವವನಾಗಲಿ. ಇದಕ್ಕಾಗಿ ತಾಯಂದಿರನ್ನು ಯಾರೂ ಆಡಿಕೊಳ್ಳಬಾರದು. ಖಡ್ಗ ಹಿಡಿ ಎಂದು ವೇದಿಕೆಯ ಮೇಲೆ ಗುಡುಗುವ ಗಣ್ಯರ ಮಕ್ಕಳು ಯಾವ ದೇಶದಲ್ಲಿ ಓದುತ್ತಿದ್ದಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಇಂಥ ನಾಡಿಗೆ ಈಗ ಕರಿಯರ್ ಕಾರ್ಯಾಗಾರಗಳು ಕಾಲಿಟ್ಟಿವೆ. ದೊಡ್ಡ ಊರಿನಿಂದ ಒಬ್ಬರು ಬರುತ್ತಾರೆ. ಶಾಲು, ಹಾರ, ಪ್ರೊಜೆಕ್ಟರು. ಪರದೆಯ ಮೇಲೆ ಮೂರು ದುಂಡನೆಯ ಗೆರೆ: ನಿಮಗೆ ಇಷ್ಟವಾದದ್ದು, ನಿಮಗೆ ಬರುವಂಥದ್ದು, ಜಗತ್ತಿಗೆ ಬೇಕಾದದ್ದು. ಮೂರೂ ಕೂಡುವ ಜಾಗದಲ್ಲಿ ನಿಮ್ಮ ಕರಿಯರ್ ಇದೆ, ಹುಡುಕಿಕೊಳ್ಳಿ. ಸಭಾಂಗಣದಲ್ಲಿ ಎಲ್ಲರ ಕೈಗೂ ಒಂದು ಹಾಳೆ. ಸಂವಾದ ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

‘ನಿಮ್ಮ ಬದುಕಿನ ಅತಿ ಮುಖ್ಯ ಮೌಲ್ಯ ಯಾವುದು?’

‘ಕಾಯಂ ಆಗೂದ್ರೀ ಸರ.’

‘ಅದು ಮೌಲ್ಯ ಅಲ್ಲಪ್ಪ.’

‘ನಮ್ಮಪ್ಪಗ ಅದ ಮೌಲ್ಯರೀ. ಹೆಣ್ಣು ಕೊಡಾವ್ರಿಗೂ ಅದರೀ.’

‘ಆಯ್ತು. ಐದು ವರ್ಷದ ನಂತರ ಎಲ್ಲಿರಬೇಕು ಅಂತ ಕನಸು?’

‘ಧಾರವಾಡದ ಸಪ್ತಾಪುರದಾಗ ಇರ್ತೇನ್ರೀ. ನಮ್ಮಣ್ಣ ಐದು ವರ್ಷದಿಂದ ಅಲ್ಲೇ ಅದಾನ್ರೀ. ಅಂವನ ರೂಮಿಗೇ ಹೋಗಾಂವ್ರೀ.’

ಹುಡುಗ ತಮಾಷೆ ಮಾಡುತ್ತಿಲ್ಲ. ಸಪ್ತಾಪುರ ಎಂದರೆ ಧಾರವಾಡದ ಕೋಚಿಂಗ್ ಕೇರಿ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಹೊಲಮನೆಗಳ ಗಳಿಕೆಯಲ್ಲಿ ಒಂದು ಪಾಲು ಅಲ್ಲಿನ ರೂಮು ಬಾಡಿಗೆಗೆ, ಕ್ಲಾಸಿನ ಫೀಜಿಗೆ, ಲೈಬ್ರರಿ ಕುರ್ಚಿಗೆ ಹೋಗುತ್ತದೆ. ಊರಿನಿಂದ ಬಸ್ಸಿನಲ್ಲಿ ಬುತ್ತಿ ಬರುತ್ತದೆ: ಬಿಳಿ ಅರಿವೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಹಿಂಡಿ, ಅದರ ಕೆಳಗೆ ಮಡಚಿಟ್ಟ ಐನೂರರ ಒಂದು ನೋಟು. ಖಾಲಿ ಡಬ್ಬಿ ಮರುದಿನದ ಬಸ್ಸಿಗೆ ವಾಪಸ್. ಎಲ್ಲ ಸರಿಯಾಗಿ ಬರುತ್ತದೆ. ಬಾರದೇ ಇರುವುದು ಅಧಿಸೂಚನೆ ಒಂದೇ.

ಬಂದಾಗಲಾದರೂ ಸುಖವೇ? 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ಆಯಿತು. ಹುಡುಗರು ಕಾನೂನಿನ ಕಲಮು ಬಾಯಿಪಾಠ ಮಾಡುತ್ತಿದ್ದಾಗ ಇನ್ನು ಕೆಲವರು ಬ್ಲೂಟೂತು, ಖಾಲಿ ಓಎಂಆರ್ ಹಾಳೆಗಳ ವ್ಯವಸ್ಥೆ ಮಾಡಿಕೊಂಡಿದ್ದರು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಪೊಲೀಸ್ ಅಧಿಕಾರಿಯೇ ಬಂಧನಕ್ಕೊಳಗಾದರು. ಪರೀಕ್ಷೆ ರದ್ದು, ಮರುಪರೀಕ್ಷೆ 2024ರ ಜನವರಿಯಲ್ಲಿ. ಎರಡು ವರ್ಷ ಮೂರು ತಿಂಗಳು ಹುಡುಗರು ಮಾಡಿದ್ದು ಮೌಲ್ಯಗಳ ಮರುಚಿಂತನೆಯೇ ಇರಬೇಕು. ಅದೇ ವರ್ಷ ಆಗಸ್ಟಿನಲ್ಲಿ ರಾಜ್ಯ ಲೋಕಸೇವಾ ಆಯೋಗವಾದ ಕೆಪಿಎಸ್‌ಸಿ 384 ಗೆಜೆಟೆಡ್ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಪ್ರಶ್ನೆಪತ್ರಿಕೆಯ ಕನ್ನಡವನ್ನು ಕನ್ನಡಿಗರೇ ಗುರುತಿಸಲಿಲ್ಲ. ಸರ್ಕಾರ ಮರುಪರೀಕ್ಷೆಗೆ ಆದೇಶಿಸಿತು. ಡಿಸೆಂಬರ್ 29ರ ಆ ಮರುಪರೀಕ್ಷೆಯಲ್ಲೂ ತಪ್ಪುಗಳ ದೂರು. ಫೇಲಾದ ಆಯೋಗಕ್ಕೆ ಎಷ್ಟು ಅಟೆಂಪ್ಟ್ ಎಂಬ ಮಿತಿ ಯಾವ ಅಧಿಸೂಚನೆಯಲ್ಲೂ ಇಲ್ಲ. ನಡುವೆ ಅಕ್ಟೋಬರಿನಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಇತ್ಯರ್ಥವಾಗುವವರೆಗೆ ಹೊಸ ನೇಮಕಾತಿ ಬೇಡ ಎಂದು ರಾಜ್ಯ ಸಂಪುಟ ತೀರ್ಮಾನಿಸಿತು. ಒಳಮೀಸಲಾತಿ ನ್ಯಾಯದ ಮಾತು, ದಶಕಗಳ ಬೇಡಿಕೆ. ಅಷ್ಟು ವರ್ಷ ಅದನ್ನು ಕಪಾಟಿನಲ್ಲಿ ಇಟ್ಟವರಲ್ಲಿ ಯಾರ ವಯೋಮಿತಿಯೂ ಮೀರಲಿಲ್ಲ, ಮೀರಿದ್ದು ಅದಕ್ಕಾಗಿ ಕಾದ ಹುಡುಗರದೇ.

ಓದು ಹತ್ತದವರಿಗೆ ಓಟವಿದೆ. ನಸುಕಿನ ಐದಕ್ಕೆ ಸಂಗೊಳ್ಳಿಯ ಸುತ್ತಲಿನ ರಸ್ತೆಗಳಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು 1600 ಮೀಟರ್ ಓಡುವವರು ರಾಯಣ್ಣನ ನಿಜವಾದ ವಾರಸುದಾರರು, ದೇಶಕ್ಕಾಗಿ ಗಡಿ ಕಾಯಬೇಕೆಂಬವರು. ಮೌಲ್ಯಕ್ಕೂ ಉದ್ಯೋಗಕ್ಕೂ ಇದಕ್ಕಿಂತ ಒಳ್ಳೆಯ ಜೋಡಿ ಯಾವ ಪ್ರೊಜೆಕ್ಟರಿನಲ್ಲೂ ಮೂಡಲಾರದು. ಅವರಿಗಾಗಿಯೇ 2022ರ ಜೂನ್‌ನಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷ ದೇಶಪ್ರೇಮ. ಆಮೇಲೆ ಹೆಚ್ಚೆಂದರೆ ನೂರಕ್ಕೆ 25 ಮಂದಿಯ ದೇಶಪ್ರೇಮವನ್ನು ಮುಂದುವರಿಸಲಾಗುವುದು. ಉಳಿದ 75 ಮಂದಿ ಇಡಿಗಂಟು ಹಿಡಿದು ಊರಿಗೆ ಬಂದು ಪ್ಲಾನ್ ಬಿ ತೆರೆಯಬೇಕು. ಶೇತಸನದಿಯ ಹೊಲ ವಂಶಕ್ಕೆ ನಡೆಯುತ್ತಿತ್ತು ಎಂಬುದನ್ನು ಅವರಿಗೆ ಯಾರೂ ಹೇಳದಿರಲಿ.

ಇಷ್ಟಾದ ಮೇಲೂ ತಜ್ಞರ ಸಲಹೆ ಒಂದೇ: ‘ನೀವು ರೆಸಿಲಿಯೆಂಟ್ ಆಗಬೇಕು.’ ತಾಳಿಕೆಯ ಪಾಠ, ಅದೂ ಮಲಪ್ರಭೆಯ ದಂಡೆಯ ಎರೆಹೊಲದವರಿಗೆ! ಈ ಹುಡುಗರ ಅಪ್ಪಂದಿರು ಹೆಸರು ಕೊಳೆತರೆ ಕಡಲೆ ಬಿತ್ತುತ್ತಾರೆ, ಕಬ್ಬಿನ ಬಿಲ್ಲು ಬಾರದಿದ್ದರೆ ಸೊಸೈಟಿ ಸಾಲ ತಿರುವಿ ಹಾಕುತ್ತಾರೆ, ಮತ್ತೆ ಬಿತ್ತುತ್ತಾರೆ. ಪ್ಲಾನ್ ಬಿ ಅಲ್ಲ, ಅವರದು ಪ್ಲಾನ್ ಝಡ್ ಮುಗಿದು ಬಹಳ ದಿನವಾಯಿತು. ತಾಳಿಕೆ ಕಲಿಯಬೇಕಾದ ಗತಿ ಬಂದಿರುವುದು ಇವರಿಗಲ್ಲ. ಒಂದು ಪರೀಕ್ಷೆಯ ಭಾರವನ್ನೂ ತಾಳಲಾರದೆ ಕುಸಿಯುವುದು ವ್ಯವಸ್ಥೆ. ವ್ಯಕ್ತಿತ್ವ ವಿಕಸನದ ಕ್ಲಾಸು ಮಾತ್ರ ಹುಡುಗನಿಗೆ.

ಮೌಲ್ಯದ ಮಾತಿಗೂ ಇದೇ ಗತಿ. ರಾಯಣ್ಣನಿಗೆ ಮೌಲ್ಯದ ಪ್ರಶ್ನೆ ಎದುರಾದದ್ದು ನೌಕರಿ ಹುಡುಕುವಾಗಲ್ಲ, ನೌಕರಿ ಕೈಯಲ್ಲಿದ್ದಾಗ. ನಮ್ಮಲ್ಲಿ ಮೌಲ್ಯ ಕೇಳುವುದು ಕೆಲಸವಿಲ್ಲದವನನ್ನು. ಕುರ್ಚಿ ಸಿಕ್ಕವನನ್ನು ಯಾರೂ ಕೇಳುವುದಿಲ್ಲ. ವಿಧವಾ ವೇತನದ ಅರ್ಜಿ ಹಿಡಿದು ಬಂದ ಮುದುಕಿಗೆ ‘ಸೋಮವಾರ ಬಾ ಬೇ’ ಎನ್ನುವ ಮೇಜಿನ ಮುಂದೆ ಯಾವ ಕೌನ್ಸೆಲರೂ ಮೂರು ದುಂಡನೆಯ ಗೆರೆ ಬರೆದದ್ದಿಲ್ಲ. ಲಕ್ಷಗಳನ್ನು ಎಣಿಸಿಕೊಟ್ಟು ಖಾಕಿ ತೊಡಲು ಹೊರಟವನ ಮೌಲ್ಯ ಎಷ್ಟೆಂದು ಕೇಳಿದರೆ, ಪಾಪ, ಅವನು ರೂಪಾಯಿ ಪೈಸೆ ಸಮೇತ ಹೇಳಿಯಾನು.

ಆದ್ದರಿಂದ ಮುಂದಿನ ಕಾರ್ಯಾಗಾರ ಕಾಲೇಜಿನಲ್ಲಿ ಬೇಡ. ಶಾಲು, ಹಾರ, ಪ್ರೊಜೆಕ್ಟರು ಎಲ್ಲವನ್ನೂ ನೇಮಕಾತಿ ಮಾಡುವವರ ಕಚೇರಿಗೆ ಸಾಗಿಸಿ, ಆ ಹಾಳೆಯನ್ನು ಅವರ ಕೈಗೆ ಕೊಡಿ. ಮೊದಲ ಪ್ರಶ್ನೆ: ಮುಂದಿನ ಐದು ವರ್ಷದಲ್ಲಿ ಯಾವ ಪರೀಕ್ಷೆ, ಯಾವ ದಿನ? ಎರಡನೆಯದು: ರದ್ದಾದರೆ ನಿಮ್ಮ ಸಂಬಳದಲ್ಲಿ ಎಷ್ಟು ಕಡಿತ? ಉತ್ತರ ಬರೆಯಲು ಅವರಿಗೆ ಎಷ್ಟು ಹೊತ್ತು ಬೇಕಾದರೂ ಕೊಡೋಣ, ಅವರಿಗೆ ವಯೋಮಿತಿ ಇಲ್ಲವಲ್ಲ.