ಎಡಗೈಯಲ್ಲಿ ಯುಲಿಸಿಸ್

ರಾಯರು ಎದುರಿಗೆ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಅವರ ಮುಖವಲ್ಲ, ಎಡಗೈಯಲ್ಲಿರುವ ಪುಸ್ತಕ. ಅದರೊಳಗೆ ಅವರ ತೋರುಬೆರಳು ಸಿಕ್ಕಿಕೊಂಡಿರುತ್ತದೆ. ಓದನ್ನು ಅರ್ಧಕ್ಕೆ ನಿಲ್ಲಿಸಿ ನಿಮ್ಮನ್ನು ಮಾತಾಡಿಸುತ್ತಿದ್ದೇನೆ, ನೀವು ಅತ್ತ ಹೋದ ಕೂಡಲೇ ಮುಂದುವರಿಸುತ್ತೇನೆ ಎಂಬುದು ಆ ಬೆರಳಿನ ಸಂದೇಶ. ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಆರಿಸುವಾಗಲೂ ಬೆರಳು ಅಲ್ಲೇ ಇರುತ್ತದೆ. ಒಂದೇ ಕೈಯಲ್ಲಿ ಆರಿಸುವುದರಿಂದ ಹುಳುಕು ಬದನೆಕಾಯಿ ಮನೆಗೆ ಬರುತ್ತದೆ ಎಂಬುದು ಅವರ ಮನೆಯ ಹಳೆಯ ದೂರು.

ಇಂಥವರು ಕನ್ನಡನಾಡಿನ ಪ್ರತಿ ಊರಿನಲ್ಲೂ ಒಬ್ಬರಾದರೂ ಇದ್ದಾರೆ. ಧಾರವಾಡದವರಾದರೆ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿ ಇಳಿದವರು. ಸಾಗರದ ಕಡೆಯವರಾದರೆ ಹೆಗ್ಗೋಡಿನ ಶಿಬಿರದಲ್ಲಿ ಪ್ರಶ್ನೆ ಕೇಳುತ್ತೇನೆಂದು ಎದ್ದು ನಿಂತು ಭಾಷಣ ಮಾಡಿ ಕೂತವರು. ಮೈಸೂರಿನವರಾದರೆ, ನವ್ಯಕವಿ ಅಡಿಗರು ಕಾಫಿ ಹೌಸಿನಲ್ಲಿ ಕೂರುತ್ತಿದ್ದಾಗ ನಾವು ಪಕ್ಕದ ಮೇಜಿನಲ್ಲಿದ್ದೆವು ಎನ್ನುವವರು. ಹೀಗೆನ್ನುವವರನ್ನೆಲ್ಲ ಒಟ್ಟಿಗೆ ಕೂರಿಸಲು ದಸರಾ ವಸ್ತುಪ್ರದರ್ಶನದ ಮೈದಾನವೇ ಬೇಕಾದೀತು. ಅಡಿಗರು ಸಾಗರದ ಕಾಲೇಜಿಗೆ ಪ್ರಾಂಶುಪಾಲರಾಗಿ ಹೊರಟದ್ದು 1964ರಲ್ಲಿ. ಪಕ್ಕದ ಮೇಜಿನವರಲ್ಲಿ ಅನೇಕರು ಆಗಿನ್ನೂ ಚಡ್ಡಿಯಲ್ಲಿದ್ದರು.

ನಮ್ಮ ರಾಯರು ಬೆಂಗಳೂರಿನವರು, ನಿವೃತ್ತ ಬ್ಯಾಂಕ್ ಅಧಿಕಾರಿ. ಡೆಬಿಟ್ಟು ಕ್ರೆಡಿಟ್ಟುಗಳ ನಡುವೆ ಕೂತು ಅಸ್ತಿತ್ವದ ಪ್ರಶ್ನೆ ಕೇಳಿಕೊಂಡ ಒಂದು ತಲೆಮಾರೇ ನಮ್ಮಲ್ಲಿದೆ, ಅದರಲ್ಲಿ ಇವರೂ ಒಬ್ಬರು. ಎಪ್ಪತ್ತರ ದಶಕದಲ್ಲಿ ಕಾಲೇಜು ಓದಿದವರಾದ್ದರಿಂದ ಪ್ರಜ್ಞೆ, ಪ್ರತಿಮೆ, ಪರಕೀಯತೆ, ಒಳತೋಟಿ ಮುಂತಾದ ನವ್ಯ ಸಾಹಿತ್ಯದ ಪದಗಳು ಅವರ ಬಾಯಲ್ಲಿ ಇನ್ನೂ ಬೆಚ್ಚಗಿವೆ. ಅವುಗಳನ್ನು ಸಾಹಿತ್ಯಕ್ಕೆ ಮಾತ್ರ ಮೀಸಲಿಟ್ಟಿದ್ದರೆ ನಾವು ಸಹಿಸಿಕೊಳ್ಳುತ್ತಿದ್ದೆವು. ಅಪಾರ್ಟ್‌ಮೆಂಟಿನ ಸಭೆಯಲ್ಲಿ ಎರಡು ದಿನದಿಂದ ಕಾವೇರಿ ನೀರು ಬಂದಿಲ್ಲ, ಟ್ಯಾಂಕರ್ ತರಿಸೋಣವೇ ಎಂದು ಕಾರ್ಯದರ್ಶಿ ಕೇಳಿದರೆ ರಾಯರು ಎದ್ದು, "ಇದು ನೀರಿನ ಪ್ರಶ್ನೆಯಲ್ಲ, ನಗರದ ಮನುಷ್ಯನ ಪರಕೀಯತೆಯ ಪ್ರಶ್ನೆ" ಎಂದರು. ಸಭೆ ಗಾಢ ಮೌನಕ್ಕೆ ಜಾರಿತು. ಟ್ಯಾಂಕರ್ ಮರುದಿನ ಬಂತು.

ಕಷ್ಟದ ಪುಸ್ತಕ ಓದುವುದರಿಂದ ಏನು ಲಾಭ ಎಂದು ಯಾರಾದರೂ ಕೇಳಿದರೆ ರಾಯರು ಕನ್ನಡಕ ತೆಗೆದು ಒರೆಸುತ್ತಾರೆ. ಉತ್ತರ ದೀರ್ಘವಾಗಿರುತ್ತದೆ ಎಂದು ಅದರರ್ಥ. ಸಂವೇದನೆ ಸೂಕ್ಷ್ಮವಾಗುತ್ತದೆ, ಭಾಷೆಯ ಜಡತೆ ಒಡೆಯುತ್ತದೆ, ಸಿದ್ಧ ಉತ್ತರಗಳ ಮೇಲಿನ ನಂಬಿಕೆ ಹೋಗುತ್ತದೆ. ಕೊನೆಯದನ್ನು ಅವರು ಸಿದ್ಧ ಉತ್ತರವಾಗಿಯೇ ಹೇಳುತ್ತಾರೆ. ನಾನು ಕಂಡ ಲಾಭಗಳೇ ಬೇರೆ. ಮದುವೆಮನೆಯಲ್ಲಿ ಪುಸ್ತಕ ಬಿಚ್ಚಿ ಕೂತರೆ ಎಲೆ ಹಾಕುವ ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಲಾಭವೆಂದರೆ, ಪುಸ್ತಕವನ್ನು ಯಾರೂ ಕಡ ಕೇಳುವುದಿಲ್ಲ. ರಾಯರ ಕಪಾಟಿನಿಂದ ಭೈರಪ್ಪನವರ 'ಪರ್ವ' ಹೋದದ್ದು ಹೋಯಿತು, ತೇಜಸ್ವಿಯವರ 'ಕರ್ವಾಲೊ' ಹೊಸದು ತಂದಷ್ಟೂ ಹೋಗುತ್ತದೆ. ರಾಮಾನುಜನ್ನರ 'ಹೊಕ್ಕುಳಲ್ಲಿ ಹೂವಿಲ್ಲ' 1969ರ ಪ್ರತಿಯೇ, ಮೂಲೆ ಸಹ ಮಡಿಸದೆ, ಇಟ್ಟಲ್ಲೇ ಇದೆ.

ತೇಜಸ್ವಿ ಹೆಸರು ಬಂತಲ್ಲ, ಅದು ರಾಯರಿಗೆ ಕುಟುಂಬದ ದುಃಖ. 1973ರಲ್ಲಿ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ತೇಜಸ್ವಿ ನವ್ಯದಿಂದ ಬೇರೆಯಾಗುವ ಮಾತಾಡಿದ್ದನ್ನು ಅವರು ಹೇಳುವ ದನಿ ಕೇಳಿದರೆ, ತಮ್ಮ ಪಾಲು ಕೇಳಿ ಮನೆ ಬಿಟ್ಟು ಹೋದ ಎನ್ನುವ ಅಣ್ಣನ ದನಿ ನೆನಪಾಗುತ್ತದೆ. ಆದರೂ 'ಕರ್ವಾಲೊ'ವನ್ನು ಅವರು ವರ್ಷಕ್ಕೊಮ್ಮೆ ಓದುತ್ತಾರೆ, ದಿನಪತ್ರಿಕೆಯ ಹಾಳೆಯ ರಟ್ಟು ಹಾಕಿಕೊಂಡು. ಹೊರಗಿನಿಂದ ನೋಡಿದವರಿಗೆ ಅದು ಕಾಫ್ಕಾ.

ಅವರನ್ನು ಗೇಲಿ ಮಾಡುವಾಗ ಒಂದು ವಿಷಯ ನನ್ನ ನಾಲಗೆಯನ್ನು ಹಿಡಿಯುತ್ತದೆ. ಬ್ಯಾಂಕಿನಲ್ಲಿ ಒಮ್ಮೆ, ಮೇಲಿನವರ ಜಗಳದಲ್ಲಿ ಇವರ ತಲೆಗೆ ಮೆಮೊ ಬಂತು. ಮನೆಯಲ್ಲಿ ಬಾಯಿ ಬಿಡಲಿಲ್ಲ. ಆ ತಿಂಗಳೆಲ್ಲ ಅವರ ಕೈಯಲ್ಲಿದ್ದದ್ದು ಯಶವಂತ ಚಿತ್ತಾಲರ 'ಶಿಕಾರಿ'. ಮುಂಬಯಿಯ ಕಂಪನಿಯ ಒಳಸಂಚಿಗೆ ಸಿಕ್ಕಿ ಅಮಾನತಾದ ನಾಗಪ್ಪ ತನ್ನ ವಿರುದ್ಧ ಏನು ನಡೆಯುತ್ತಿದೆ, ಯಾಕೆ ನಡೆಯುತ್ತಿದೆ ಎಂದು ತಿಳಿಯದೆ ತನ್ನೊಳಗೇ ಸುತ್ತುವ ಕಾದಂಬರಿ ಅದು. ಸುಲಭದ ಕಥೆಯಾಗಿದ್ದರೆ ಖಳನಾಯಕ ಯಾರೆಂದು ಇಪ್ಪತ್ತನೇ ಪುಟದಲ್ಲಿ ಗೊತ್ತಾಗಿ ರಾಯರಿಗೆ ಏನೂ ಪ್ರಯೋಜನವಾಗುತ್ತಿರಲಿಲ್ಲ, ಏಕೆಂದರೆ ಅವರ ಬ್ಯಾಂಕಿನಲ್ಲಿ ಅದು ಕೊನೆಗೂ ಗೊತ್ತಾಗಲಿಲ್ಲ. ಮೆಮೊ ತಾನಾಗಿ ತಣ್ಣಗಾಯಿತು. ಈ ಲಾಭವನ್ನು ಮಾತ್ರ ರಾಯರು ಯಾವ ಸಭೆಯಲ್ಲೂ ಹೇಳಿದ್ದಿಲ್ಲ.

ಅವರ ತಾಯಿಗೆ ಎಂಬತ್ತು ದಾಟಿದೆ. ಒಂದು ಸಂಜೆ ರಾಯರು ಇಬ್ಬರು ಹುಡುಗರನ್ನು ಕೂರಿಸಿಕೊಂಡು ಎಲಿಯಟ್ಟನ 'ದಿ ವೇಸ್ಟ್ ಲ್ಯಾಂಡ್' ವಿವರಿಸುತ್ತಿದ್ದರು. 1922ರ ಕಾವ್ಯ, ನಾನೂರ ಮೂವತ್ತಕ್ಕೂ ಹೆಚ್ಚು ಸಾಲು, ಎಜ್ರಾ ಪೌಂಡ್ ಕತ್ತರಿ ಆಡಿಸದಿದ್ದರೆ ಇನ್ನೂ ಉದ್ದವಿರುತ್ತಿತ್ತು, ಕೊನೆಯಲ್ಲಿ ಕವಿಯದೇ ಟಿಪ್ಪಣಿಗಳು. ಪುಸ್ತಕ ತೀರಾ ತೆಳುವಾಗುತ್ತದೆಂದು ಟಿಪ್ಪಣಿ ಸೇರಿಸಬೇಕಾಯಿತು ಎಂದು ಎಲಿಯಟ್ಟನೇ ಮುಂದೆ ಒಪ್ಪಿಕೊಂಡಿದ್ದ. ಈ ಭಾಗವನ್ನು ರಾಯರು ಹಾರಿಸುತ್ತಾರೆ, ಏಕೆಂದರೆ ಅವರಿಗೆ ಟಿಪ್ಪಣಿಗಳೇ ಪ್ರಾಣ. ಕೊನೆಯ ಭಾಗಕ್ಕೆ ಬಂದು, ಗುಡುಗು "ದ, ದ, ದ" ಎನ್ನುತ್ತದೆ ಎಂದು ದನಿ ಇಳಿಸಿದಾಗ ಒಳಗಿನಿಂದ ಅಜ್ಜಿಯ ದನಿ ಬಂತು.

"ಅದು ಬೃಹದಾರಣ್ಯಕ ಕಣೋ. ಪ್ರಜಾಪತಿ ಹೇಳಿದ್ದು. ದೇವತೆಗಳಿಗೆ ದಮ, ಮನುಷ್ಯರಿಗೆ ದಾನ, ರಾಕ್ಷಸರಿಗೆ ದಯೆ. ಅವರವರಿಗೆ ಯಾವುದು ಕಡಿಮೆಯೋ ಅದು."

ಹುಡುಗರು ಅಜ್ಜಿಯ ಕಡೆ ತಿರುಗಿ ಕೂತರು. ರಾಯರು ಸೋಲಲಿಲ್ಲ. "ಅಮ್ಮಾ, ಎಲಿಯಟ್ ಹಾರ್ವರ್ಡಿನಲ್ಲಿ ಸಂಸ್ಕೃತ ಓದಿದ್ದ. ಇದರಲ್ಲಿ ದಾನ ಮೊದಲು, ಆಮೇಲೆ ದಯೆ, ದಮ ಕೊನೆಗೆ."

"ಕ್ರಮ ತಪ್ಪಿದಾನೆ ಅನ್ನು."

"ತಪ್ಪಿದ್ದಲ್ಲ, ಬೇಕೆಂದೇ ಬದಲಿಸಿದ್ದು. ಅದೇ ಪ್ರತಿಭೆ."

"ಹಾಗಿದ್ರೆ ನಮ್ಮ ಪುರೋಹಿತರೂ ಮಹಾಕವಿನೇ ಬಿಡು. ಮೊನ್ನೆ ಪೂಜೇಲಿ ಕಲಶಕ್ಕಿಂತ ಮೊದಲೇ ಮಂಗಳಾರತಿ ಮಾಡಿದ್ರು."

ಆದರೂ ಅಜ್ಜಿಗೆ ಕುತೂಹಲ ಹತ್ತಿತು. ಯುದ್ಧ ಮುಗಿದ ಮೇಲೆ, ಊರಿಗೆ ಊರೇ ಒಣಗಿದಂತೆ ಕಂಡ ಒಬ್ಬನಿಗೆ ಮಳೆ ಬೇಕಾದಾಗ ನಮ್ಮ ಉಪನಿಷತ್ತಿನ ಗುಡುಗೇ ಯಾಕೆ ನೆನಪಾಯಿತು ಎಂದು ಕೇಳಿದರು. ರಾಯರು ಕನ್ನಡಕ ಒರೆಸಿದರು, ಒರೆಸುತ್ತಲೇ ಇದ್ದರು. ಟಿಪ್ಪಣಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಇನ್ನು ಎಡಗೈಯ ಪುಸ್ತಕದ ವಿಷಯ. ಅದು 'ಯುಲಿಸಿಸ್'. ಜೇಮ್ಸ್ ಜಾಯ್ಸನ ನಲವತ್ತನೇ ಹುಟ್ಟುಹಬ್ಬದ ದಿನ, 1922ರ ಫೆಬ್ರವರಿ 2ರಂದು, ಪ್ಯಾರಿಸ್ಸಿನಲ್ಲಿ ಪುಸ್ತಕದಂಗಡಿ ಇಟ್ಟಿದ್ದ ಸಿಲ್ವಿಯಾ ಬೀಚ್ ಪ್ರಕಟಿಸಿದ್ದು. ಅಮೆರಿಕದಲ್ಲಿ ಅಶ್ಲೀಲವೆಂದು ತಡೆದಿದ್ದರು, 1933ರಲ್ಲಿ ಕೋರ್ಟು ಬಿಡುಗಡೆ ಮಾಡಿತು. ಇವಿಷ್ಟನ್ನು ರಾಯರು ಕಣ್ಣುಮುಚ್ಚಿಕೊಂಡು ಹೇಳಬಲ್ಲರು. ವರ್ಜೀನಿಯಾ ವುಲ್ಫ್ ಇನ್ನೂರು ಪುಟ ಓದಿದ ಹೊತ್ತಿಗೆ ಬೇಸರ ಬಂದಿದೆ ಎಂದು ಡೈರಿಯಲ್ಲಿ ಬರೆದುಕೊಂಡದ್ದನ್ನು ಮಾತ್ರ ಹೇಳುವುದಿಲ್ಲ. ಕಾದಂಬರಿಯ ಕಥೆ ಕೇಳಿದರೆ "ಕಥೆ ಅಂತ ಏನೂ ಇಲ್ಲ, ಪ್ರಜ್ಞಾಪ್ರವಾಹ" ಎನ್ನುತ್ತಾರೆ. ಕೇಳಿದವರು ಪ್ರವಾಹಕ್ಕೆ ಹೆದರಿ ದಡದಲ್ಲೇ ಉಳಿಯುತ್ತಾರೆ.

ಅವರ ಮಗ ಡಬ್ಲಿನ್ನಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅಪ್ಪನಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲವೆಂದು ಕಳೆದ ಸಲ ಬರುವಾಗ ಸ್ವೆನಿ ಔಷಧದಂಗಡಿಯ ನಿಂಬೆ ಸೋಪು ತಂದ. ಕಾದಂಬರಿಯ ನಾಯಕ ಬ್ಲೂಮ್ ಸೋಪು ಕೊಳ್ಳುವುದು ಅದೇ ಅಂಗಡಿಯಲ್ಲಿ. ಔಷಧದ ವ್ಯಾಪಾರ ನಿಂತಿದ್ದರೂ ಅಂಗಡಿ ಇದೆ, ಸೋಪು ಈಗಲೂ ಮಾರುತ್ತಾರೆ. ರಾಯರು ಅದನ್ನು ಗಾಜಿನ ಕಪಾಟಿನಲ್ಲಿ ಪುಸ್ತಕದ ಪಕ್ಕ ಇಟ್ಟರು. ನಾಲ್ಕು ದಿನ ಕಳೆದು ನೋಡಿದರೆ ಸೋಪು ಇಲ್ಲ. ಹುಡುಕಿದರೆ ಬಚ್ಚಲಮನೆಯಲ್ಲಿ, ಅರ್ಧ ಸವೆದು, ನೊರೆಯೊಂದಿಗೆ.

ಆ ದಿನ ರಾಯರು ಮಾಡಿದ ರಂಪಕ್ಕೆ ನಾನೇ ಸಾಕ್ಷಿ, ಗೋಡೆ ಒಂದೇ. ಅವರ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುವವರು, ಸಾವಧಾನವಾಗಿ ಹುರುಳಿಕಾಯಿ ನಾರು ತೆಗೆಯುತ್ತ ಕೇಳಿದರು. "ಅಲ್ರೀ, ಸೋಪು ಇರೋದು ಕೈ ತೊಳೆಯೋಕೆ ತಾನೇ? ಆ ಪುಸ್ತಕದೋನು ಅದನ್ನ ಏನು ಮಾಡಿದ?"

ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಆ ಪುಸ್ತಕದ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ. ಕೋಪದಲ್ಲಿದ್ದ ರಾಯರಿಗೆ ಪ್ರಜ್ಞಾಪ್ರವಾಹ ಹೊಳೆಯಲಿಲ್ಲ, ಕಥೆಯೇ ಬಾಯಿಗೆ ಬಂತು. 1904ರ ಜೂನ್ 16, ಒಂದೇ ದಿನ. ಬ್ಲೂಮ್ ಜಾಹೀರಾತು ಹಿಡಿಯುವ ಕೆಲಸದವನು. ಹೆಂಡತಿಗೆ ಲೋಷನ್ ಮಾಡಿಸಲು ಸ್ವೆನಿ ಅಂಗಡಿಗೆ ಹೋಗುತ್ತಾನೆ. ಅಲ್ಲೇ ಒಂದು ಸೋಪು ತೆಗೆದುಕೊಂಡು, ಲೋಷನ್ ಒಯ್ಯಲು ಬಂದಾಗ ಒಟ್ಟಿಗೆ ದುಡ್ಡು ಕೊಡುತ್ತೇನೆ ಎನ್ನುತ್ತಾನೆ. ಸೋಪು ದಿನವಿಡೀ ಅವನ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಓಡಾಡುತ್ತದೆ, ಶವಯಾತ್ರೆಯ ಗಾಡಿಯಲ್ಲಿ ಕೂತಾಗ ಹಿಂದಿನಿಂದ ಒತ್ತುತ್ತದೆ.

"ಲೋಷನ್ ತಂದನಾ?"

"ಇಲ್ಲ, ಮರೆತ."

"ಹೆಂಡತಿ ಸಾಮಾನು ಮರೆತು ತನಗೆ ಸೋಪು ತಂದ್ಕೊಂಡ. ದುಡ್ಡಾದ್ರೂ ಕೊಟ್ಟನಾ?"

"ಇಲ್ಲ."

ಅತ್ತಿಗೆ ನಕ್ಕರು. ರಾಯರೂ ನಕ್ಕರು. ಆ ನಗು ಹೊಸದಾಗಿರಲಿಲ್ಲ ಎಂಬುದು ನನಗೆ ಗೊತ್ತು. ರಾತ್ರಿ ಹೊತ್ತು ಗೋಡೆಯಾಚೆ ಒಬ್ಬರೇ ಕಿಸಕ್ಕೆಂದು ನಗುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ಬೆಳಗ್ಗೆ ವಿಚಾರಿಸಿದರೆ ಕೆಮ್ಮು ಎನ್ನುತ್ತಿದ್ದರು. ಇದು ಇವರೊಬ್ಬರ ಗುಟ್ಟಲ್ಲ, ಕಷ್ಟದ ಪುಸ್ತಕ ಓದುವ ಪಂಥದ್ದೇ ಗುಟ್ಟು. ಕಾಫ್ಕಾ 'ದಿ ಟ್ರಯಲ್'ನ ಮೊದಲ ಅಧ್ಯಾಯವನ್ನು ಗೆಳೆಯರಿಗೆ ಓದಿ ಹೇಳುವಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವನಿಗೇ ನಗು ತಡೆಯದೆ ಓದು ನಿಲ್ಲುತ್ತಿತ್ತು ಎಂದು ಅವನ ಗೆಳೆಯ ಮ್ಯಾಕ್ಸ್ ಬ್ರಾಡ್ ಬರೆದಿಟ್ಟಿದ್ದಾನೆ. ನಮ್ಮ ವಿಚಾರಸಂಕಿರಣಗಳಲ್ಲಿ ಕಾಫ್ಕಾ ಹೆಸರು ಬಂದಾಗ ಮುಖ ಸಡಿಲವಾದವರನ್ನು ನಾನು ಕಂಡಿಲ್ಲ. ನಗು ಬರುತ್ತದೆ ಎಂದು ಗೊತ್ತಾದರೆ ಪುಸ್ತಕದ ಬೆಲೆ ಇಳಿಯುತ್ತದೆ, ಓದಿದವರ ಬೆಲೆ ಇನ್ನೂ ಇಳಿಯುತ್ತದೆ.

ಗುಟ್ಟು ಒಡೆದ ಮೇಲೆ ರಾಯರ ಸ್ಥಿತಿ ಕೆಟ್ಟಿತು. ದಿನಾ ರಾತ್ರಿ ಊಟವಾದ ಮೇಲೆ ಅತ್ತಿಗೆ "ಮುಂದೆ?" ಎನ್ನುತ್ತಾರೆ. ಹೇಳಲು ಓದಬೇಕು, ಬೆರಳಿಟ್ಟುಕೊಂಡು ಓಡಾಡಿದರೆ ಸಾಲದು. ರಾಯರು ಕೆಲವು ಕಡೆ ಪಥ್ಯ ಮಾಡಿದರು. ಬ್ಲೂಮ್ ಬೆಳಗ್ಗೆ ಬಾಣಲೆಗೆ ಹಾಕಿ ಸೀಯಿಸಿದ್ದು ಹಂದಿಯ ಮೂತ್ರಪಿಂಡ. ಇವರ ಮನೆಯಲ್ಲಿ ಅದು "ಏನೋ ಒಂದು ಪಲ್ಯ" ಆಯಿತು. ಅವನ ಹೆಂಡತಿ ಮಾಲಿ ಮನೆಯಲ್ಲಿ ಒಬ್ಬಳೇ ಏನು ಮಾಡುತ್ತಿದ್ದಳು ಎಂಬ ಪ್ರಶ್ನೆಗೆ ರಾಯರು ನಿಜವಾಗಿಯೂ ಕೆಮ್ಮಿ, "ಸಂಗೀತದ ಅಭ್ಯಾಸ" ಎಂದರು. ಅದು ಪೂರ್ತಿ ಸುಳ್ಳಲ್ಲ. ಆಕೆ ಹಾಡುಗಾತಿ, ಕಛೇರಿ ಏರ್ಪಾಡು ಮಾಡುವ ಬೊಯ್ಲನ್ ಕಾರ್ಯಕ್ರಮ ತೋರಿಸಲೆಂದೇ ಸಂಜೆ ನಾಲ್ಕಕ್ಕೆ ಬಂದಿದ್ದು.

ಎಡವಟ್ಟಾದದ್ದು ಬೇರೆಡೆ. ಪಲ್ಯ ಸೀದದ್ದು ಯಾಕೆ ಎಂದು ಅತ್ತಿಗೆ ಕೆದಕಿದಾಗ, ಬ್ಲೂಮ್ ಒಲೆ ಬಿಟ್ಟು ಮಹಡಿಗೆ ಹೋಗಿದ್ದನೆಂದು ಹೇಳಬೇಕಾಯಿತು. ಯಾಕೆ ಹೋದ? ಹೆಂಡತಿಗೆ ಹಾಸಿಗೆಗೇ ಟೀ, ಬ್ರೆಡ್ಡು ಒಯ್ದಿದ್ದ.

ನಾರು ತೆಗೆಯುವ ಕೈ ನಿಂತಿತು. "ಹಾಸಿಗೆಗೇ ಟೀನಾ? ದಿನಾಗಲೂ?"

"ಅಂಥ ಸಂಪ್ರದಾಯ ಇತ್ತು ಅಂತ ಕಾಣುತ್ತೆ."

"ಮೂವತ್ತೈದು ವರ್ಷದಿಂದ ಕೈಯಲ್ಲಿ ಹಿಡ್ಕೊಂಡು ಓಡಾಡ್ತಿದೀರಿ. ಇದೊಂದು ವಿಷಯ ಇವತ್ತು ಹೇಳ್ತಿದೀರಲ್ಲ!"

ಈಗ ಬೆಳಗ್ಗೆ ಆರಕ್ಕೆ ರಾಯರ ಅಡುಗೆಮನೆಯಲ್ಲಿ ಫಿಲ್ಟರ್ ಸದ್ದಾಗುತ್ತದೆ. ಹಾಲು ಉಕ್ಕಿದ ವಾಸನೆಯೂ ಆಗಾಗ ಬರುತ್ತದೆ. ಸುಲಭದ ಕಾದಂಬರಿ ಓದಿಕೊಂಡಿದ್ದರೆ ಈ ಗತಿ ಬರುತ್ತಿರಲಿಲ್ಲ ಎಂದು ನನ್ನ ಹತ್ತಿರ ಗೊಣಗಿದರು. ಕಡೆಗೆ ಒಂದು ಉಪಾಯ ಮಾಡಿ ಜಾಯ್ಸನ ಇನ್ನೊಂದು ಪುಸ್ತಕ ತಂದರು, 1939ರ 'ಫಿನ್ನೆಗನ್ಸ್ ವೇಕ್'. ಹತ್ತಾರು ಭಾಷೆಗಳನ್ನು ಕಲಸಿ ಬರೆದದ್ದು, ಯಾವ ಹೆಂಡತಿಯೂ "ಮುಂದೆ?" ಎಂದು ಕೇಳಲಾರದ ಪುಸ್ತಕ. ಎಡಗೈಗೆ ಭಾರವೂ ಹಿತವಾಗಿತ್ತು.

"ಇದರಲ್ಲೇನಿದೆ?" ಎಂದರು ಅತ್ತಿಗೆ.

ರಾಯರು ಕನ್ನಡಕ ತೆಗೆದರು. "ಇದು ನಿನಗೆ ಆಗೋದಲ್ಲ ಕಣೇ. ಕೊನೆಯ ವಾಕ್ಯ ಅರ್ಧಕ್ಕೇ ನಿಲ್ಲುತ್ತೆ. ಅದರ ಉಳಿದರ್ಧ ಪುಸ್ತಕದ ಮೊದಲ ಸಾಲಿನಲ್ಲಿದೆ."

"ಅಂದ್ರೆ ಮುಗಿಯೋದೇ ಇಲ್ವಾ? ಮುಗೀತು ಅಂದ್ಕೊಂಡಾಗ ಮತ್ತೆ ಮೊದಲಿಂದ ಶುರು?"

"ಹೌದು."

"ನಮ್ಮ ಏಳೂವರೆ ಧಾರಾವಾಹಿನೂ ಹಾಗೇ. ಅದಿರಲಿ, ಸ್ವಲ್ಪ ತಾಳಿ, ಟಿವಿ ಆಫ್ ಮಾಡಿ ಬರ್ತೀನಿ. ಅಮ್ಮನೂ ಬರ್ತಾರಂತೆ."