ನಿಶಾಕೇಶವೇಷ್ಟನ ಮೀಮಾಂಸೆ (ಲೋಕಾಪುರ ಪಾಠ)

ರಾತ್ರಿ ಮಲಗುವ ಮುನ್ನ ಕೂದಲನ್ನು ನುಣ್ಣಗೆ ಹಿಕ್ಕಿ, ತಲೆಯ ಸುತ್ತ ಒತ್ತಾಗಿ ಸುತ್ತಿ, ಮೇಲೊಂದು ಅರಿವೆ ಬಿಗಿದು, ಬೆಳಗಾಗುವಷ್ಟರಲ್ಲಿ ಅದು ಉಬ್ಬದೆ, ಸೊಟ್ಟಗಾಗದೆ ಇಳಿಬೀಳುವಂತೆ ಮಾಡುವ ವಿದ್ಯೆಯೇ ನಿಶಾಕೇಶವೇಷ್ಟನ. ಓಣಿಯಲ್ಲಿ ಇದನ್ನೇ ‘ತಲಿ ಕಟ್ಕೊಂಡು ಮಕ್ಕೊಳ್ಳೂದು’ ಅನ್ನಬಹುದು. ಹಾಗಂದರೆ ಯಾವ ವಿಶ್ವವಿದ್ಯಾಲಯವೂ ಪಿಎಚ್‌.ಡಿ. ಕೊಡುವುದಿಲ್ಲವಾದ್ದರಿಂದ ಪ್ರಬಂಧಕಾರನು ಸಂಸ್ಕೃತದ ಮೊರೆ ಹೊಕ್ಕಿದ್ದಾನೆ.

ಈ ಶಾಸ್ತ್ರಕ್ಕೆ ಲೋಕಾಪುರವೇ ಪೀಠವಾಗಬೇಕೆಂಬುದಕ್ಕೆ ಭೂಗರ್ಭದಲ್ಲೇ ಪ್ರಮಾಣವಿದೆ. 1876ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯ ಭೂವಿಜ್ಞಾನವನ್ನು ಬರೆದು, ನಮ್ಮ ನೆರೆಯ ಕಲಾದಗಿಯ ಹೆಸರನ್ನು ಇಡೀ ಶಿಲಾಸಮೂಹಕ್ಕೆ ಇಟ್ಟ. ಆಮೇಲೆ ಬಂದವರು ಅದರ ಕೆಳಗಿನ ಪದರಗಳನ್ನು ‘ಲೋಕಾಪುರ ಉಪಸಮೂಹ’ ಎಂದು ಕರೆದರು. ಈ ಪದರಗಳು ಮಡಚಿ, ಬಾಗಿ, ಸುರುಟಿಕೊಂಡು ಬಿದ್ದಿವೆ. ಅವುಗಳ ಮೇಲಿರುವ ಬಾದಾಮಿಯ ಮರಳುಗಲ್ಲು ಮಾತ್ರ ಹಾಸಿದಂತೆ ಮಟ್ಟಸ. ಅಂದರೆ ಲೋಕಾಪುರದ ಬಂಡೆಯದು ಗುಂಗುರು, ಬಾದಾಮಿಯದು ನೇರ. ಕಾರಣವೂ ಸ್ಪಷ್ಟ: ನೆಲ ನುಗ್ಗಾಗಿ ಮಡಿಕೆ ಬೀಳುವ ಗದ್ದಲವೆಲ್ಲ ಮುಗಿದ ಮೇಲೆ ಬಾದಾಮಿಯ ಪದರ ಬಂದು ಕೂತಿತು. ಇದರಿಂದ ನಮ್ಮ ಮೊದಲ ಸೂತ್ರ ತಾನಾಗಿಯೇ ಸಿದ್ಧವಾಗುತ್ತದೆ: ಗದ್ದಲ ಮುಗಿಯುವ ಮುನ್ನ ಸುತ್ತಬಾರದು. ಊಟವಾಗಿ, ಭಾಂಡೆ ತಿಕ್ಕಿ, ಹಾಲಿಗೆ ಹೆಪ್ಪು ಹಾಕಿ, ಗಂಡಸರ ಗೊರಕೆ ಶುರುವಾದ ಮೇಲೆಯೇ ಸುತ್ತಬೇಕು.

ಇನ್ನು ಪೂರ್ವಸೂರಿಗಳು. ರನ್ನ ನಮ್ಮ ತಾಲ್ಲೂಕಿನವನೇ. 949ರಲ್ಲಿ ಮುದುವೊಳಲಲ್ಲಿ, ಅಂದರೆ ಇಂದಿನ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಅವನ ‘ಗದಾಯುದ್ಧ’ದ ಹಿಂದಿರುವುದು ಒಂದು ಬಿಚ್ಚಿದ ಮುಡಿ. ದ್ರೌಪದಿ ಹದಿಮೂರು ವರ್ಷಕ್ಕೂ ಮಿಗಿಲಾಗಿ ಕೂದಲು ಕಟ್ಟಲಿಲ್ಲ. ಭೀಮ ಕಡೆಗೆ ಕಟ್ಟಿದ. ಆ ಅವಧಿಯಲ್ಲಿ ಆಕೆ ರಾತ್ರಿ ಹೇಗೆ ಮಲಗಿದಳು? ಕಾಡಿನ ತರಗೆಲೆಯ ಮೇಲೆ ಬಿಚ್ಚುಗೂದಲಲ್ಲಿ ಹೊರಳಿದವಳಿಗೆ ಬೆಳಗ್ಗೆ ಹಣಗಿ ಹಾಕುವುದೆಂದರೇನೆಂದು ಕವಿಚಕ್ರವರ್ತಿ ಯೋಚಿಸಿದನೇ? ದುರ್ಯೋಧನನ ತೊಡೆಗೆ ಸಿಕ್ಕ ಲಕ್ಷ್ಯದಲ್ಲಿ ಕಾಲು ಭಾಗವಾದರೂ ಈ ಸಿಕ್ಕಿಗೆ ಸಿಗಬೇಕಿತ್ತು. ಆದರೂ ರನ್ನನಿಗೆ ನಾವು ಋಣಿಗಳು. ಅವನ ಸಿಂಹಾವಲೋಕನ ಕ್ರಮವನ್ನು ವಿಮರ್ಶಕರು ಕಥನತಂತ್ರವೆಂದು ಹೊಗಳುತ್ತಾರೆ. ಕೇಸರವುಳ್ಳ ಪ್ರಾಣಿ ನಿದ್ದೆಯಿಂದೆದ್ದು ಹಿಂದಿರುಗಿ ನೋಡುವುದು ಏತಕ್ಕೆಂದು ಯಾವ ವಿಮರ್ಶಕನೂ ಕೇಳಿಲ್ಲ.

ಕಲ್ಯಾಣದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ಬರೆದು ರಾಜನಿಗೆ ಇಪ್ಪತ್ತು ಉಪಭೋಗಗಳನ್ನು ಎಣಿಸಿಕೊಟ್ಟ. ತಲೆಗೆ ಛತ್ರಿ, ಕಾಲಿಗೆ ಪಾದುಕೆ, ಬೆನ್ನಿಗೆ ಶಯ್ಯೆ, ಮೂಗಿಗೆ ಧೂಪ ಎಲ್ಲವೂ ಅಲ್ಲುಂಟು. ಕೇಶವೇಷ್ಟನಕ್ಕೆ ಇಪ್ಪತ್ತೊಂದನೆಯ ಸ್ಥಾನವನ್ನೂ ಕೊಡಲಿಲ್ಲ. ಬಾದಾಮಿಯ ಮೂರನೆಯ ಗುಹೆಯ ಕಂಬಗಳ ಮೇಲಿನ ಜೋಡಿಗಳ ಕೇಶಾಲಂಕಾರವಂತೂ ನೋಡುವಂತಹದು. 578ರ ಶಾಸನವಿರುವ ಆ ಗುಹೆಯಲ್ಲಿ ಒಂದೆಳೆಯೂ ಈವರೆಗೆ ಕದಲಿಲ್ಲ. ಆದರೆ ಕಲ್ಲಿನವರು ಮಲಗುವುದಿಲ್ಲ. ಅವರ ಸಾಕ್ಷ್ಯ ಇಲ್ಲಿ ನಡೆಯದು.

ಗ್ರಂಥಗಳು ಕೈಬಿಟ್ಟ ಮೇಲೆ ಪಡಸಾಲಿಗೆ ಬರಬೇಕಾಯಿತು. ಎರಡು ಜುಟ್ಟು ಸೇರಿದರೂ ಎರಡು ಜಡೆ ಸೇರವು ಎಂಬ ಗಾದೆಯನ್ನು ಕಟ್ಟಿದವನು ರಾತ್ರಿ ಒಂಬತ್ತರ ಹೊತ್ತಿಗೆ ಈ ಪಡಸಾಲಿ ನೋಡಿದವನಲ್ಲ. ಕಟ್ಟಿಯ ಮೇಲೆ ಆಯಿ, ಅದರ ಕೆಳಗಿನ ಮೆಟ್ಟಿಲಲ್ಲಿ ಸೊಸೆ, ನೆಲದ ಮೇಲೆ ಮೊಮ್ಮಗಳು. ಹಿಂದಿನವಳ ಹಣಗಿ ಮುಂದಿನವಳ ತಲೆಯಲ್ಲಿ. ಮೂರು ಜಡೆ ಒಂದೇ ಸಾಲಿನಲ್ಲಿ. ಮೊಮ್ಮಗಳದು ಮುಗಿದ ಮೇಲೆ ಸುತ್ತುವ ಕೆಲಸ ಆಯಿಯದೇ.

‘ಆಯಿ, ಜಗ್ಗಬ್ಯಾಡ ಬೇ, ನೋಯ್ತೈತಿ.’

‘ಜಗ್ಗಿದ್ರನ ನೆಟ್ಟಗ ಬರ್ತೈತಿ. ಕುತಗಿ ಅಳಗ್ಯಾಡಿಸಬ್ಯಾಡ, ಸುಮ್ನ ಕುಂದ್ರು.’

ಎಣ್ಣೆ ಅಂಗೈಗೆ ಸವರುವಷ್ಟೇ. ಕೂದಲು ಮುಕ್ಕಾಲು ಆರಿರಬೇಕು. ಪೂರ್ತಿ ಹಸಿಯಿದ್ದರೆ ಬೆಳಗ್ಗೆ ಮುಗ್ಗಲು ವಾಸನೆ. ಬೈತಲಿಯ ಬಳಿಯಿಂದ ತೆಳ್ಳಗೆ ಒಂದೊಂದೇ ಪದರ ತೆಗೆದು, ನೆತ್ತಿಗೆ ಅಂಟಿದಂತೆ ಹಣಗಿಯಿಂದ ನೀವುತ್ತ, ಬಲಕಿವಿಯ ಮೇಲಿಂದ ಹಿಂದಲೆಗೆ, ಅಲ್ಲಿಂದ ಎಡಕಿವಿಗೆ, ಮತ್ತೆ ಹಣೆಗೆ. ತುದಿ ಸಿಕ್ಕಲ್ಲಿ ಒಂದು ಪಿನ್ನು. ಹೀಗೆ ದೇವರನ್ನು ಸುತ್ತಿದಂತೆ ಕೂದಲು ತಲೆಯನ್ನು ಪ್ರದಕ್ಷಿಣೆ ಹಾಕುತ್ತದೆ. ಡೊಮಿನಿಕನ್ ರಿಪಬ್ಲಿಕ್ಕಿನ ಹೆಂಗಸರು ‘ತೂಬಿ’ ಎಂಬ ಇಂಥದೇ ಸುತ್ತನ್ನು ಬಲ್ಲರು. ಒಂದು ದಿಕ್ಕಿಗೆ ಸುತ್ತಿದ್ದನ್ನು ಆಮೇಲೆ ಬಿಚ್ಚಿ ಇನ್ನೊಂದು ದಿಕ್ಕಿಗೂ ಸುತ್ತುವುದುಂಟು. ಅಪ್ರದಕ್ಷಿಣೆಯ ವಿಷಯವಾದ್ದರಿಂದ ಅದನ್ನು ಆಯಿಯ ಮುಂದೆ ಎತ್ತುವ ಧೈರ್ಯ ಪ್ರಬಂಧಕಾರನಿಗೆ ಇಲ್ಲ.

ಇದೆಲ್ಲ ಫಲಿಸುವುದೇಕೆ? ಕೂದಲೆಂದರೆ ಕೆರಾಟಿನ್. ಅದರೊಳಗಿನ ಹೈಡ್ರೋಜನ್ ಬಂಧಗಳು ನೀರು ತಾಕಿದರೆ ಬಿಡುತ್ತವೆ, ಆರುವಾಗ ಹೇಗಿದೆಯೋ ಹಾಗೆ ಮತ್ತೆ ಹಿಡಿಯುತ್ತವೆ. ಗಂಧಕದ ಬಂಧಗಳು ಮಾತ್ರ ಜಗ್ಗವು. ಆದ್ದರಿಂದ ಹುಟ್ಟುಗುಂಗುರು ಸುತ್ತಿನಿಂದ ಹೋಗದು, ಒಂದು ದಿನದ ಮಟ್ಟಿಗೆ ಅಡಗುತ್ತದೆ. ಗಾಳಿಯ ತೇವ ಮತ್ತೆ ಬಂಧ ಬಿಡಿಸುತ್ತದೆ. ಮಂಗಳೂರಿನ ಸೆಖೆಯಲ್ಲಿ ಈ ಶಾಸ್ತ್ರ ತಿಂಡಿಯ ಹೊತ್ತಿಗೇ ಕುಸಿಯುತ್ತದೆ. ಲೋಕಾಪುರದ ಒಣ ಬಯಲುಗಾಳಿಯಲ್ಲಿ ಮಧ್ಯಾಹ್ನದ ರೊಟ್ಟಿಯವರೆಗೆ ನಿಲ್ಲುತ್ತದೆ.

ಮತಭೇದವಿಲ್ಲದೆ ಶಾಸ್ತ್ರವುಂಟೇ? ರಾತ್ರಿ ಎರಡು ಹೆರಳು ಹಾಕಿ ಮಲಗುವವರು ದ್ವೈತಿಗಳು. ಮೂರು ಕಾಲು ಸೇರಿಸಿ ಒಂದೇ ಹೆರಳು ಹೆಣೆಯುವವರು ತತ್ತ್ವತ್ರಯವನ್ನು ಒಪ್ಪಿದ ವಿಶಿಷ್ಟಾದ್ವೈತಿಗಳು. ಇಬ್ಬರ ಕೂದಲೂ ಬೆಳಗ್ಗೆ ತೆರೆತೆರೆಯಾಗಿ ಏಳುತ್ತದೆ. ಅದನ್ನು ಅವರು ಮೋಕ್ಷವೆಂದೇ ಭಾವಿಸುತ್ತಾರೆ. ಸುತ್ತುವವರದು ಶುದ್ಧ ಅದ್ವೈತ: ಕೂದಲಿಗೂ ತಲೆಗೂ ಭೇದವೇ ಕಾಣದು. ಆದರೆ ಪಿನ್ನಿಲ್ಲದೆ ಆ ಅಭೇದ ಅರ್ಧಗಂಟೆಯೂ ನಿಲ್ಲದಾದ್ದರಿಂದ, ಪಿನ್ನೇ ಶಕ್ತಿ, ಸಿದ್ಧಾಂತ ಶಕ್ತಿವಿಶಿಷ್ಟಾದ್ವೈತವೇ ಎಂದು ನಮ್ಮ ಭಾಗದ ಪಂಡಿತರು ವಾದಿಸಿದರೆ ಎದುರುತ್ತರವಿಲ್ಲ.

ಅರಿವೆಯ ವಿಚಾರದಲ್ಲಿ ವಾದವಿಲ್ಲ, ಅನುಭವವಿದೆ. ಒರಟು ಹತ್ತಿಯ ಟವೆಲ್ಲು ಎಣ್ಣೆಯನ್ನೂ ಕುಡಿಯುತ್ತದೆ, ಎಳೆಗಳನ್ನೂ ಎಳೆಯುತ್ತದೆ. ರೇಷ್ಮೆ ಜಾರುತ್ತದೆ, ಉಜ್ಜುವುದಿಲ್ಲ. ಹಳೆಯ ಇಳಕಲ್ ಸೀರೆ ಇಲ್ಲಿ ಕೈ ಹಿಡಿಯುತ್ತದೆ. ಅದರ ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಎಳೆಗಳನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಸೀರೆ ಸವೆದಾಗ ಒಡಲು ಕೌದಿಗೆ ಹೋದರೆ, ತೋಪು ತೆನೆಯ ಕೆಂಪು ಸೆರಗು ತಲೆಗೆ. ಇಳಕಲ್ಲಿನ ನೇಕಾರರು ಹಾಸುವುದಕ್ಕೂ ಹೊದೆಯುವುದಕ್ಕೂ ಸುತ್ತುವುದಕ್ಕೂ ಒಂದೇ ಸೀರೆಯಲ್ಲಿ ಏರ್ಪಾಡು ಮಾಡಿದ್ದಾರೆಂದೇ ಪ್ರಬಂಧಕಾರನ ದೃಢನಂಬಿಕೆ.

ಪೂರ್ವಪಕ್ಷವೊಂದಿದೆ, ಅದು ಸಣ್ಣದಲ್ಲ. ರಾತ್ರಿಯಿಡೀ ಸೆರಗಿನಲ್ಲಿ ಸುತ್ತಿ ನೆಟ್ಟಗೆ ಮಾಡಿದ ಕೂದಲನ್ನು ಸೊಸೆಯಾದವಳು ಬೆಳಗಾಗುತ್ತಲೇ ಮತ್ತೊಂದು ಸೆರಗಿನಡಿ ಮುಚ್ಚುತ್ತಾಳೆ. ಬೈತಲಿಯ ಮುಂದೆ ಎರಡು ಬೆರಳಗಲ ಕಂಡರೆ ಹೆಚ್ಚು. ಹಾಗಾದರೆ ಇಷ್ಟು ಸಾಧನೆ ಯಾರ ದರ್ಶನಕ್ಕೆ? ಪಟಗಾ ಸುತ್ತುವ ಹಿರಿಯರಿಗೂ ಇದೇ ಪ್ರಶ್ನೆ ಹಾಕಬಹುದು. ಅವರ ಕೂದಲು ಹಗಲೆಲ್ಲ ಮಟ್ಟಸವಾಗುತ್ತ ರಾತ್ರಿ ದೀಪ ಆರಿದ ಮೇಲೆ ಹೊರಬೀಳುತ್ತದೆ. ಇಡೀ ತಾಲ್ಲೂಕಿನಲ್ಲಿ ಯಾವ ಆರೈಕೆಯೂ ಇಲ್ಲದೆ ನುಣುಪು ಕೂದಲನ್ನು ಹಗಲಲ್ಲೇ ತೋರಿಸಿಕೊಂಡು ತಿರುಗುವುದು ಮುಧೋಳ ನಾಯಿ ಮಾತ್ರ. 2005ರಲ್ಲಿ ಅಂಚೆಚೀಟಿಯ ಮೇಲೂ ಕಾಣಿಸಿಕೊಂಡಿತು.

ಸೊಸೆಗೆ ಪ್ರಶ್ನೆ ಕೇಳಿದಾಗ ಬಂದ ಉತ್ತರ ಯಾವ ಭಾಷ್ಯಕ್ಕೂ ಬಗ್ಗಲಿಲ್ಲ: ‘ಕೂದ್ಲಾ ನಂದ ಅಲ್ರಿ? ನನಗ ಗೊತ್ತಿದ್ರ ಸಾಕ.’

ಮೊಮ್ಮಗಳಿಗೆ ಸೆರಗಿಲ್ಲ, ಕಾಲೇಜಿದೆ. ಆರೂವರೆಗೆ ಸುತ್ತು ಬಿಚ್ಚಿ, ಕನ್ನಡಿಗೆ ಬೆನ್ನು ಮಾಡಿ, ಕೈಗನ್ನಡಿಯಲ್ಲಿ ಸಿಂಹಾವಲೋಕನ ಮುಗಿಸಿ, ಬಾಗಲಕೋಟೆಯ ಬಸ್ಸು ಹತ್ತುತ್ತಾಳೆ. ಕಿಟಕಿಯ ಪಕ್ಕದಲ್ಲಿ ಕೂತ ಹಿರಿಯರು ಗಾಳಿ ಬೇಕೆನ್ನುತ್ತಾರೆ. ‘ಕಾಕಾ, ಕಿಡಕಿ ಹಾಕ್ರೀ’ ಎಂದು ಈಕೆ ಅನ್ನುತ್ತಾಳೆ. ಕಬ್ಬಿನ ಸುಗ್ಗಿಯಲ್ಲಾದರೆ ಮುಂದೆ ಹೋಗುವ ಟ್ರ್ಯಾಕ್ಟರಿನ ಧೂಳು ಈಕೆಯ ಪರ ಸಾಕ್ಷಿ ನುಡಿದು ಕಿಟಕಿ ಮುಚ್ಚಿಸುತ್ತದೆ. ಬೇಸಿಗೆಯಲ್ಲಿ ವ್ಯಾಜ್ಯ ಕಲಾದಗಿ ದಾಟಿದರೂ ತೀರುವುದಿಲ್ಲ. ಎರಡನೆಯ ಸಂಪುಟವನ್ನು ಈ ಕಿಟಕಿಗೇ ಮೀಸಲಿಡಲಾಗಿದೆ. ಕ್ಷೇತ್ರಕಾರ್ಯಕ್ಕೆ ಬರುವ ಸಂಶೋಧಕರು ತಿಂಗಳ ಪಾಸನ್ನು ಸ್ವಂತ ಖರ್ಚಿನಲ್ಲಿ ಮಾಡಿಸಿಕೊಳ್ಳತಕ್ಕದ್ದು.